ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ಆರಿಸಿ, ಅದಕ್ಕೆ ಹೊಂದುವ ಪಿಕಪ್ ಕೂರಿಸುವ ಬಗೆ

ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ಹೋದವರಲ್ಲಿ ಹೆಚ್ಚಿನವರು ಅದನ್ನು ಮೊದಲು ಆಂಪ್‌ಗೆ, ಅಂದರೆ ಧ್ವನಿವರ್ಧಕಕ್ಕೆ, ಜೋಡಿಸಿ ನುಡಿಸುತ್ತಾರೆ. ನಾದ ಹಿಡಿಸಿದರೆ ಹಣ ಎಣಿಸುತ್ತಾರೆ, ಹಿಡಿಸದಿದ್ದರೆ ಬರಿಗೈಯಲ್ಲಿ ಹಿಂತಿರುಗುತ್ತಾರೆ. ಈ ಕ್ರಮ ತಿರುವುಮುರುವಾದದ್ದು. ಆಂಪ್‌ನಿಂದ ಹೊರಬರುವ ನಾದವನ್ನು ರೂಪಿಸುವ ಪಿಕಪ್ (ತಂತಿಯ ಅಲುಗಾಟವನ್ನು ವಿದ್ಯುತ್ ಮಾಡುವ ಭಾಗ), ಪಾಟ್ (ವಾಲ್ಯೂಮ್, ಟೋನ್ ಗುಂಡಿಯ ಕೆಳಗಿನ ಭಾಗ), ಕೆಪಾಸಿಟರ್, ಸ್ವಿಚ್ಚುಗಳೆಲ್ಲ ಸ್ಕ್ರೂ ಬಿಚ್ಚಿ ಬೆಸುಗೆ ಬಿಡಿಸಿದರೆ ಕೈಗೆ ಬರುವ ಭಾಗಗಳು. ಮನೆಯ ಮೇಜಿನ ಮೇಲೆ ಒಂದು ಮಧ್ಯಾಹ್ನದೊಳಗೆ ಅವನ್ನು ಬದಲಾಯಿಸಬಹುದು. ತಿರುಚಿಕೊಂಡ ನೆಕ್ (ಎಡಗೈ ಹಿಡಿಯುವ ಉದ್ದನೆಯ ಕತ್ತು), ತಳ ಕಾಣುವಷ್ಟು ಸವೆದ ಫ್ರೆಟ್ಟುಗಳು (ಅದರ ಮೇಲಿನ ಲೋಹದ ಅಡ್ಡಪಟ್ಟಿಗಳು), ಮುರಿದು ಅಂಟಿಸಿದ ಹೆಡ್‌ಸ್ಟಾಕ್ (ತಂತಿ ಬಿಗಿಯುವ ತುದಿ) ಹಾಗಲ್ಲ. ಅವನ್ನು ಸರಿಪಡಿಸುವ ಖರ್ಚಿನಲ್ಲಿ ಇನ್ನೊಂದು ಗಿಟಾರೇ ಬಂದೀತು. ಆದ್ದರಿಂದ ಗಿಟಾರನ್ನು ಕೈಯಿಂದ ಆರಿಸಬೇಕು, ಪಿಕಪ್ಪನ್ನು ಕಿವಿಯಿಂದ ಆರಿಸಬೇಕು, ಮತ್ತು ಕೈಯ ಕೆಲಸ ಮುಗಿಯುವ ತನಕ ಕಿವಿಯನ್ನು ತಡೆಹಿಡಿಯಬೇಕು ಎಂಬುದು ಹಲವು ಗಿಟಾರುಗಳನ್ನು ಕೊಂಡು, ಕೆಲವನ್ನು ಕೊಂಡು ಪಶ್ಚಾತ್ತಾಪಪಟ್ಟ ಮೇಲೆ ನಾನು ರೂಢಿಸಿಕೊಂಡಿರುವ ಪದ್ಧತಿ.

ಮನೆಯಲ್ಲೇ ಮಾಡಬೇಕಾದ ತೀರ್ಮಾನ

ಬೆಂಗಳೂರಿನಂಥ ಊರಿನಲ್ಲಿ ಕೈಬದಲಾಗುವ ಗಿಟಾರುಗಳಲ್ಲಿ ಸ್ಕ್ವೈಯರ್, ಎಪಿಫೋನ್, ಯಮಹಾ, ಐಬನೆಜ್, ಕಾರ್ಟ್ ಮುಂತಾದ ಹೆಸರಿನ ಆರಂಭಿಕ ಮತ್ತು ಮಧ್ಯಮ ದರ್ಜೆಯವೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ. ಹೆಸರು ಯಾವುದಾದರೂ ಅವುಗಳಲ್ಲಿ ಬಹುಪಾಲು ಎರಡು ಹಳೆಯ ಮನೆತನಗಳಿಂದ ಬಂದವು. ಒಂದು, 1954ರಲ್ಲಿ ಫೆಂಡರ್ ಹೊರತಂದ ಸ್ಟ್ರಾಟೋಕಾಸ್ಟರ್, ಚುಟುಕಾಗಿ ಸ್ಟ್ರಾಟ್: ನೆಕ್ಕನ್ನು ಸ್ಕ್ರೂ ಹಾಕಿ ಬಿಗಿದಿರುತ್ತದೆ, ನಟ್‌ನಿಂದ (ಹೆಡ್‌ಸ್ಟಾಕ್ ಬಳಿ ತಂತಿಗಳು ಕೂರುವ ಪಟ್ಟಿ) ಬ್ರಿಜ್‌ವರೆಗಿನ (ಒಡಲಿನ ಮೇಲೆ ತಂತಿಗಳನ್ನು ಹೊರುವ ಭಾಗ) ತಂತಿಯ ಉದ್ದ 25.5 ಇಂಚು, ಅಂದರೆ 648 ಮಿ.ಮೀ., ಪಿಕಪ್ಪುಗಳು ಮೂರು ಸಿಂಗಲ್ ಕಾಯಿಲ್, ಅಂದರೆ ಒಂಟಿ ಸುರುಳಿಯವು. ಇನ್ನೊಂದು, 1952ರ ಗಿಬ್ಸನ್ ಲೆಸ್ ಪಾಲ್: ನೆಕ್ಕನ್ನು ಒಡಲಿಗೆ ಅಂಟಿಸಿರುತ್ತದೆ, ತಂತಿಯ ಉದ್ದ ಸುಮಾರು 628 ಮಿ.ಮೀ., 1957ರಿಂದೀಚೆಗೆ ಎರಡು ಹಂಬಕರ್, ಅಂದರೆ ಜೋಡಿ ಸುರುಳಿಯ ಪಿಕಪ್. ಈ 20 ಮಿ.ಮೀ. ವ್ಯತ್ಯಾಸ ಕಾಗದದ ಮೇಲೆ ಅಲ್ಪವೆನಿಸಿದರೂ ಬೆರಳಿಗೆ ಕೂಡಲೇ ತಿಳಿಯುತ್ತದೆ. ಅದೇ ದಪ್ಪದ ತಂತಿ, ಅದೇ ಶ್ರುತಿ ಇದ್ದಾಗ ಗಿಡ್ಡ ಅಳತೆಯ ಗಿಟಾರಿನಲ್ಲಿ ಬಿಗಿತ ಕಡಿಮೆ. ತಂತಿಯನ್ನು ಅಡ್ಡಕ್ಕೆ ಎಳೆದು ಗಮಕ ತೆಗೆಯುವ ಆಸೆಯುಳ್ಳವರು ಎರಡನ್ನೂ ಹತ್ತು ನಿಮಿಷ ನುಡಿಸಿ ನೋಡಿ ತೀರ್ಮಾನಿಸುವುದು ಒಳ್ಳೆಯದು.

ಯಾವ ಒಲವೂ ಇನ್ನೂ ಗಟ್ಟಿಯಾಗಿಲ್ಲದವರಿಗೆ ನಾನು ಹೇಳುವುದು, ಬ್ರಿಜ್ ಬಳಿ ಒಂದು ಹಂಬಕರ್, ಉಳಿದೆರಡು ಕಡೆ ಸಿಂಗಲ್ ಕಾಯಿಲ್ ಇರುವ, ಸ್ಕ್ರೂ ಹಾಕಿದ ನೆಕ್ಕಿನ ಗಿಟಾರ್. ಯಮಹಾದ ಪೆಸಿಫಿಕಾ 112 ಈ ಜಾತಿಗೆ ಸೇರಿದ್ದು. ಇಂಥ ಗಿಟಾರಿನಲ್ಲಿ ನೆಕ್ಕಿನ ಕೋನವನ್ನು ತೆಳುಪಟ್ಟಿಯಿಟ್ಟು ಸರಿಪಡಿಸಬಹುದು, ಕೊನೆಗೆ ನೆಕ್ಕನ್ನೇ ಬದಲಾಯಿಸಲೂಬಹುದು. ಮುಂದೆ ಯಾವ ಬಗೆಯ ನಾದ ಬೇಕೆನಿಸಿದರೂ ಆ ಅಳತೆಯ ಪಿಕಪ್ ಸಿಗುತ್ತದೆ.

ಚೀಲದಲ್ಲಿ ಏನಿರಬೇಕು

ನೋಡಲು ಹೋಗುವಾಗ ನಿಮ್ಮದೇ ಕೇಬಲ್, ಚಿಕ್ಕ ಆಂಪ್ ಅಥವಾ ಹೆಡ್‌ಫೋನ್ ಆಂಪ್, ಟ್ಯೂನರ್, ಅರ್ಧ ಮಿ.ಮೀ. ಗೆರೆಗಳಿರುವ ಸ್ಟೀಲ್ ಸ್ಕೇಲು, ಟಾರ್ಚು, ಒಂದು ಸ್ಕ್ರೂಡ್ರೈವರ್, ಒಂದು ವಿಸಿಟಿಂಗ್ ಕಾರ್ಡು ಮತ್ತು ಮಲ್ಟಿಮೀಟರ್ ಇರಲಿ. ಕೊನೆಯ ಎರಡು ವಸ್ತುಗಳನ್ನು ಕಂಡು ಮಾರುವವರು ನಗಬಹುದು, ನಗಲಿ. ಸಾಧ್ಯವಾದರೆ ಹಗಲು ಹೊತ್ತಿನಲ್ಲೇ ಹೋಗಿ. ಕೂದಲೆಳೆಯಷ್ಟು ಬಿರುಕು ಎಲ್‌ಇಡಿ ದೀಪದ ಕೆಳಗೆ ಕಾಣದೆ ಕಿಟಕಿಯ ಬೆಳಕಿನಲ್ಲಿ ಕಂಡದ್ದುಂಟು.

ನೆಕ್ ಪರೀಕ್ಷೆ

ಬಡಗಿ ಹಲಗೆಯ ನೇರವನ್ನು ಒಂದು ಕಣ್ಣು ಮುಚ್ಚಿ ನೋಡುವಂತೆ, ಗಿಟಾರನ್ನು ಎತ್ತಿ ಹೆಡ್‌ಸ್ಟಾಕ್ ಕಡೆಯಿಂದ ಒಡಲಿನತ್ತ ನೆಕ್ಕಿನ ಎರಡೂ ಅಂಚುಗಳ ಗುಂಟ ನೋಡಿ. ಎರಡೂ ಅಂಚುಗಳು ಒಂದೇ ತೆರನಾಗಿ ಬಾಗಿದ್ದರೆ ಹೆದರಬೇಕಾಗಿಲ್ಲ. ನೆಕ್ಕಿನೊಳಗಿನ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ತಿರುಗಿಸಿ ಅದನ್ನು ನೇರಗೊಳಿಸಬಹುದು. ಒಂದು ಅಂಚು ಮೇಲೆದ್ದು ಇನ್ನೊಂದು ಇಳಿದಿದ್ದರೆ ನೆಕ್ ತಿರುಚಿಕೊಂಡಿದೆ ಎಂದರ್ಥ, ಅದಕ್ಕೆ ಟ್ರಸ್ ರಾಡ್‌ನಲ್ಲಿ ಮದ್ದಿಲ್ಲ. ಬಣ್ಣ ಎಷ್ಟೇ ಚೆಂದವಿರಲಿ, ಅಲ್ಲಿಗೆ ಮಾತು ಮುಗಿಸಿ ಎದ್ದುಬನ್ನಿ.

ಬಾಗು ಎಷ್ಟಿದೆ ಎಂಬುದನ್ನು ಅಳೆಯುವ ಕ್ರಮ ಹೀಗೆ: ತಂತಿಗಳನ್ನು ಸರಿಯಾದ ಶ್ರುತಿಗೆ ತಂದು, ಅತಿ ದಪ್ಪ ತಂತಿಯನ್ನು ಎಡಗೈಯಿಂದ ಮೊದಲ ಫ್ರೆಟ್ಟಿನಲ್ಲಿ, ಬಲಗೈಯಿಂದ ನೆಕ್ ಒಡಲನ್ನು ಸೇರುವ ಕಡೆ, ಅಂದರೆ ಸುಮಾರು 17ನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿಯಿರಿ. ಈಗ ತಂತಿಯೇ ನೇರಪಟ್ಟಿಯಾಯಿತು. 7ನೆಯ ಫ್ರೆಟ್ಟಿನ ನೆತ್ತಿಗೂ ತಂತಿಗೂ ನಡುವೆ ವಿಸಿಟಿಂಗ್ ಕಾರ್ಡೊಂದು ತಂತಿಯನ್ನು ಎತ್ತದೆ ಸರಿದುಹೋಗುವಷ್ಟು, ಅಂದರೆ 0.25ರಿಂದ 0.3 ಮಿ.ಮೀ. ಜಾಗವಿದ್ದರೆ ಚೆನ್ನ. ಹೆಚ್ಚಿದ್ದರೆ ಟ್ರಸ್ ರಾಡ್ ಬಿಗಿಯಬೇಕು, ಏನೂ ಇಲ್ಲದಿದ್ದರೆ ಸಡಿಲಿಸಬೇಕು. ಮಾರುವವರ ಕೈಯಿಂದಲೇ ಅದನ್ನು ಕಾಲು ಸುತ್ತು ಆಚೀಚೆ ತಿರುಗಿಸಿಸಿ ನೋಡಿ. ತಿರುಗಿದ್ದಕ್ಕೆ ತಕ್ಕಂತೆ ನೆಕ್ ಅಲುಗಿದರೆ ಸರಳು ಜೀವಂತವಾಗಿದೆ. ಸರಳಿನ ತುದಿಯ ನಟ್ಟು ಈಗಾಗಲೇ ಕೊನೆಯವರೆಗೆ ಬಿಗಿದು ನಿಂತಿದ್ದೂ ನೆಕ್ ಬಾಗಿಯೇ ಇದ್ದರೆ, ಅದರ ಆಯುಸ್ಸನ್ನು ಹಿಂದಿನ ಮಾಲೀಕರು ಮುಗಿಸಿಯಾಗಿದೆ.

ಆಮೇಲೆ 12ನೆಯ ಫ್ರೆಟ್ಟಿನ ಮೇಲೆ ತಂತಿಯ ಎತ್ತರ ನೋಡಬೇಕು. ತೆಳು ತಂತಿಗೆ 1.6 ಮಿ.ಮೀ., ದಪ್ಪ ತಂತಿಗೆ 2 ಮಿ.ಮೀ. ಆಸುಪಾಸು ಸಾಮಾನ್ಯ ಲೆಕ್ಕ. ಇದಕ್ಕಿಂತ ಎತ್ತರವಿದ್ದರೂ ಬ್ರಿಜ್‌ನಲ್ಲಿ ತಂತಿಗಳು ಕೂರುವ ಸ್ಯಾಡಲ್‌ಗಳನ್ನು ಇಳಿಸಲು ಇನ್ನೂ ಜಾಗವಿದ್ದರೆ ಚಿಂತೆಯಿಲ್ಲ. ಸ್ಯಾಡಲ್‌ಗಳು ತಳ ಮುಟ್ಟಿದ್ದು, ತಂತಿ ಇನ್ನೂ 3 ಮಿ.ಮೀ. ಮೇಲಿದ್ದರೆ ದೋಷ ನೆಕ್ಕಿನ ಕೋನದಲ್ಲಿದೆ. ಸ್ಕ್ರೂ ನೆಕ್ಕಿನಲ್ಲಿ ಅದು ಹತ್ತು ನಿಮಿಷದ ಕೆಲಸ, ಅಂಟಿಸಿದ ನೆಕ್ಕಿನಲ್ಲಿ ಅದು ಗಿಟಾರಿನ ಬೆಲೆಯನ್ನೇ ನುಂಗುವ ಕೆಲಸ.

ಫ್ರೆಟ್ಟುಗಳ ವಿಷಯದಲ್ಲಿ ಸೋಮಾರಿತನ ಕೂಡದು. ಹೊಸ ಫ್ರೆಟ್ ಸಾಮಾನ್ಯವಾಗಿ 1ರಿಂದ 1.2 ಮಿ.ಮೀ. ಎತ್ತರವಿರುತ್ತದೆ. ಹೊಸದಾಗಿ ಕಲಿಯುವವರು ಗಂಟೆಗಟ್ಟಲೆ ಒತ್ತುವುದು ಮೊದಲ ಮೂರು ಫ್ರೆಟ್ಟುಗಳನ್ನೇ ಆದ್ದರಿಂದ ಅಲ್ಲಿ ತಂತಿಯ ಕೆಳಗೆ ಹಗ್ಗ ಉಜ್ಜಿದ ಬಾವಿಕಟ್ಟೆಯಂತೆ ತಗ್ಗು ಬಿದ್ದಿರುತ್ತದೆ. ತಗ್ಗು ಕಿರಿದಾಗಿದ್ದರೆ ಉಳಿದ ಫ್ರೆಟ್ಟುಗಳನ್ನೂ ಅದೇ ಮಟ್ಟಕ್ಕೆ ಉಜ್ಜಿ ಸಮಗೊಳಿಸಬಹುದು. ಸಮಗೊಳಿಸಿದ ಮೇಲೆ ಎತ್ತರ 0.6 ಮಿ.ಮೀ.ಗಿಂತ ಕೆಳಗಿಳಿಯುವಂತಿದ್ದರೆ ಹೊಸ ಫ್ರೆಟ್ ಹಾಕಿಸಬೇಕಾಗುತ್ತದೆ. 22 ಫ್ರೆಟ್, ಆರು ತಂತಿ, ಒಟ್ಟು 132 ಸ್ವರಗಳನ್ನು ಆಂಪ್ ಇಲ್ಲದೆ ಒಂದೊಂದಾಗಿ ನುಡಿಸಿ. ಐದು ನಿಮಿಷ ಹಿಡಿಯುತ್ತದೆ, ಮಾರುವವರು ಆಕಳಿಸುತ್ತಾರೆ. ತೆಳು ತಂತಿಯನ್ನು 15ನೆಯ ಫ್ರೆಟ್ಟಿನಲ್ಲಿ ಒತ್ತಿ ಒಂದು ಸ್ವರದಷ್ಟು ಮೇಲಕ್ಕೆ ಎಳೆಯಿರಿ. ಎಳೆಯುವಾಗ ನಾದ ಉಸಿರು ಕಟ್ಟಿದಂತೆ ನಿಂತರೆ ಮುಂದಿನ ಯಾವುದೋ ಫ್ರೆಟ್ ಎದ್ದಿದೆ.

ಕರಾವಳಿಯಲ್ಲಿ ಬಾಳಿದ ಗಿಟಾರನ್ನು ಬಯಲುಸೀಮೆಗೆ ತಂದಾಗ ಮರದ ತೇವ ಆರಿ, ಫಿಂಗರ್‌ಬೋರ್ಡ್ ಕುಗ್ಗಿ, ಫ್ರೆಟ್ಟಿನ ತುದಿಗಳು ಅಂಚಿನಾಚೆ ಚಾಚಿಕೊಳ್ಳುತ್ತವೆ. ಅಂಗೈಯನ್ನು ನೆಕ್ಕಿನ ಅಂಚಿನ ಗುಂಟ ಸವರಿದರೆ ಗೊತ್ತಾಗುತ್ತದೆ. ಅದನ್ನು ಅರದಿಂದ ಉಜ್ಜಿ ಸರಿಪಡಿಸಬಹುದು. ಕಡಲ ಗಾಳಿಯ ನಿಜವಾದ ಹಾನಿ ಇರುವುದು ಬ್ರಿಜ್‌ನ ಪುಟ್ಟ ಸ್ಕ್ರೂಗಳಲ್ಲಿ. ಅವು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ತಂತಿಯ ಎತ್ತರವನ್ನಾಗಲಿ ಶ್ರುತಿಯ ನಿಖರತೆಯನ್ನಾಗಲಿ ಹೊಂದಿಸಲಾಗದು. ಹಾಗೆಯೇ 12ನೆಯ ಫ್ರೆಟ್ಟಿನ ಮೇಲೆ ಬೆರಳು ತಾಗಿಸಿ ತೆಗೆದ ಹಾರ್ಮೋನಿಕ್ಕಿಗೂ ಅಲ್ಲೇ ಒತ್ತಿ ನುಡಿಸಿದ ಸ್ವರಕ್ಕೂ ಟ್ಯೂನರಿನಲ್ಲಿ ವ್ಯತ್ಯಾಸ ಕಂಡರೆ, ಸ್ಯಾಡಲ್ ಹಿಂದೆಮುಂದೆ ಸರಿಯಲು ಜಾಗವಿದೆಯೇ ಎಂದು ನೋಡಿಕೊಳ್ಳಿ.

ಲೆಸ್ ಪಾಲ್ ಮಾದರಿಯಲ್ಲಿ ಹೆಡ್‌ಸ್ಟಾಕ್ ಹಿಂದಕ್ಕೆ ವಾಲಿರುವುದರಿಂದ, ಗಿಟಾರ್ ಸ್ಟ್ಯಾಂಡಿನಿಂದ ಅಂಗಾತ ಬಿದ್ದರೆ ಸಾಕು, ನಟ್‌ನ ಹಿಂಭಾಗದಲ್ಲೇ ಮರ ಸೀಳುತ್ತದೆ. ಆ ಜಾಗಕ್ಕೆ ಟಾರ್ಚನ್ನು ಓರೆಯಾಗಿ ಹಿಡಿದು, ವಾರ್ನಿಶ್ಶಿನ ಹೊಳಪಿನಲ್ಲಿ ಎಲ್ಲಾದರೂ ಗೆರೆ ಅಥವಾ ಏರುಪೇರು ಇದೆಯೇ ನೋಡಿ, ಉಗುರಿನಿಂದಲೂ ಸವರಿ. ಚೆನ್ನಾಗಿ ಅಂಟಿಸಿದ ಗಿಟಾರ್ ವರ್ಷಗಟ್ಟಲೆ ಬಾಳುತ್ತದೆ ನಿಜ, ಆದರೆ ಬೆಲೆಯಲ್ಲಿ ಆ ಸೀಳು ಕಾಣಿಸಬೇಕು. ಗಿಬ್ಸನ್ ಎಂದು ಬರೆದದ್ದನ್ನು ಆಶ್ಚರ್ಯಕರವಾದ ಬೆಲೆಗೆ ಹೇಳಿದರೆ ಹೆಡ್‌ಸ್ಟಾಕ್ ಮೇಲಿನ ಗಂಟೆಯಾಕಾರದ ಮುಚ್ಚಳವನ್ನು ಗಮನಿಸಿ: ಅಸಲಿಯಲ್ಲಿ ಸಾಮಾನ್ಯವಾಗಿ ಎರಡು ಸ್ಕ್ರೂ ಇರುತ್ತವೆ, ನಕಲಿ ಗಿಟಾರುಗಳಲ್ಲಿ ಅನೇಕ ವೇಳೆ ಮೂರು. ಹೊರಗೆ ಥಳಕು, ಒಳಗೆ ಹುಳುಕು ಎಂಬ ಮಾತಿಗೆ ಈ ನಕಲಿಗಳಷ್ಟು ಹೊಂದುವ ವಸ್ತು ನಾನು ಬೇರೆ ಕಂಡಿಲ್ಲ.

ಮಲ್ಟಿಮೀಟರ್ ಹೇಳುವ ಸತ್ಯ

ಇಷ್ಟಾದ ಮೇಲೆ ಆಂಪ್‌ಗೆ ಜೋಡಿಸಿ. ಪಾಟ್ ತಿರುಗಿಸಿದಾಗ ಬರುವ ಕರಕರ ಸದ್ದು, ಸಡಿಲವಾದ ಜ್ಯಾಕ್ ಇವೆಲ್ಲ ಕಾಂಟ್ಯಾಕ್ಟ್ ಕ್ಲೀನರ್‌ಗೋ ಒಂದು ಚೂರು ಬೆಸುಗೆಗೋ ಬಗ್ಗುವ ತೊಂದರೆಗಳು. ಪಿಕಪ್ಪುಗಳು ಬದುಕಿವೆಯೇ ಎಂದು ತಿಳಿಯಲು ಕೇಬಲ್ಲಿನ ಒಂದು ತುದಿಯನ್ನು ಗಿಟಾರಿಗೆ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ಏರಿಸಿ, ಇನ್ನೊಂದು ತುದಿಯ ಮೊನೆಗೂ ಮೈಗೂ ಮಲ್ಟಿಮೀಟರಿನ ಎರಡು ಕಡ್ಡಿ ತಾಗಿಸಿ ಓಮ್ ಅಳೆಯಿರಿ. ಸ್ಟ್ರಾಟ್ ಮಾದರಿಯ ಸಿಂಗಲ್ ಕಾಯಿಲ್ ಸುಮಾರು 5.5ರಿಂದ 6.5 ಕಿಲೋಓಮ್, ಹಳೆಯ ಶೈಲಿಯ ಹಂಬಕರ್ 7ರಿಂದ 9, ಬಿಸಿ ಜಾತಿಯ, ಅಂದರೆ ಹೆಚ್ಚು ಬಲದ ಹಂಬಕರ್ 13ರಿಂದ 17 ತೋರಿಸುತ್ತದೆ. ವಾಲ್ಯೂಮ್ ಪಾಟ್ ಜೊತೆಗೇ ಸೇರಿಕೊಂಡಿರುವುದರಿಂದ ಅಂಕಿ ಒಂದಿಷ್ಟು ಕಡಿಮೆ ಬರುತ್ತದೆ. 8 ಕಿಲೋಓಮ್ ಪಿಕಪ್ 500 ಕಿಲೋಓಮ್ ಪಾಟ್‌ನೊಂದಿಗೆ 7.87 ತೋರಿಸುತ್ತದೆ. ಪಿಕಪ್ಪಿನೊಳಗಿನ ತಂತಿ ತುಂಡಾಗಿದ್ದರೆ ಪಾಟ್‌ನ ಓಮ್ ಅಂಕಿಯೇ, ಅಂದರೆ 250 ಅಥವಾ 500ರ ಹತ್ತಿರದ ಅಂಕಿ ಕಾಣುತ್ತದೆ.

ಈ ಒಂದು ಅಂಕಿ ನನಗೆ ಒಮ್ಮೆ ಚೆನ್ನಾಗಿ ಒದಗಿಬಂತು. ಮಲ್ಲೇಶ್ವರದ ಮನೆಯೊಂದರಲ್ಲಿ ಕಾಲೇಜು ಹುಡುಗನೊಬ್ಬ ಲೆಸ್ ಪಾಲ್ ಮಾದರಿಯ ಗಿಟಾರನ್ನು ಮಾರಾಟಕ್ಕಿಟ್ಟಿದ್ದ. “ಅಂಕಲ್, ನೆಕ್ ಪಿಕಪ್ ಸತ್ತೋಗಿದೆ, ಅದಕ್ಕೇ ರೇಟ್ ಕಮ್ಮಿ ಹೇಳಿದ್ದು,” ಎಂದು ತಾನಾಗಿಯೇ ಹೇಳಿದ. ಸ್ವಿಚ್ಚನ್ನು ಆ ಕಡೆ ಹಾಕಿ ಮೀಟರ್ ಹಿಡಿದೆ. 500 ಬರಲಿಲ್ಲ, ಪೂರ್ತಿ ತೆರೆದ ಸರ್ಕೀಟನ್ನು ಸೂಚಿಸುವ ಗುರುತು ಬಂತು. ಪಿಕಪ್ ಸತ್ತಿದ್ದರೂ ಪಾಟ್ ಕಾಣಬೇಕಿತ್ತು, ಪಾಟೂ ಕಾಣುತ್ತಿಲ್ಲವೆಂದರೆ ದಾರಿ ಅದಕ್ಕಿಂತ ಈಚೆಗೇ, ಪಾಟ್‌ಗೂ ಜ್ಯಾಕ್‌ಗೂ ನಡುವಿನ ಸ್ವಿಚ್ಚಿನ ಕಡೆ ಕಡಿದಿದೆ. “ಸತ್ತಿಲ್ಲ ಕಣಪ್ಪ, ಸ್ವಿಚ್ ಹಿಡೀತಿಲ್ಲ, ಅಷ್ಟೇ,” ಎಂದೆ. ಹಿಂದಿನ ದುಂಡು ಮುಚ್ಚಳ ತೆಗೆದು, ವಿಸಿಟಿಂಗ್ ಕಾರ್ಡಿನ ಮೂಲೆಗೆ ಕಾಂಟ್ಯಾಕ್ಟ್ ಕ್ಲೀನರ್ ಸವರಿ, ಸ್ವಿಚ್ಚಿನ ಹಿತ್ತಾಳೆಯೆಲೆಗಳ ನಡುವೆ ನಾಲ್ಕು ಸಲ ಎಳೆದೆ. ಕಾರ್ಡಿನ ಮೇಲೆ ಕಪ್ಪು ಗೆರೆ ಮೂಡಿತು, ಮೀಟರಿನಲ್ಲಿ 7.6 ಬಂತು. ಆ ಮೇಲೆ ಚೌಕಾಸಿ ಮಾಡುವ ಮನಸ್ಸಾಗದೆ ಅವನು ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಕೊಟ್ಟು ಬಂದೆ. ಒಂದು ಎಚ್ಚರಿಕೆ: ಸ್ಟ್ರಾಟ್ ಮಾದರಿಯಲ್ಲಿ ವಾಲ್ಯೂಮ್ ಪಾಟ್ ಸ್ವಿಚ್ಚಿನ ನಂತರ ಬರುವುದರಿಂದ ಅಲ್ಲಿ ಸ್ವಿಚ್ ಕೆಟ್ಟಿದ್ದರೂ ಪಾಟ್‌ನ ಓಮ್ ಅಂಕಿಯೇ ಕಾಣುತ್ತದೆ, ಒಡಲಿನ ಮೇಲಿನ ಪ್ಲೇಟ್ ಬಿಚ್ಚಿ ಪಿಕಪ್ಪನ್ನು ನೇರವಾಗಿ ಅಳೆಯದೆ ನಿರ್ಣಯಕ್ಕೆ ಬರಬಾರದು.

ಗುಂಯ್‌ಗುಡುವ ಸದ್ದನ್ನೂ ಓದಲು ಕಲಿಯಬೇಕು. ತಂತಿ ಮುಟ್ಟಿದಾಗ ಸದ್ದು ಇಳಿದರೆ ಗಿಟಾರಿನ ಅರ್ತಿಂಗ್ ಸರಿಯಿದೆ. ಮುಟ್ಟಿದಾಗ ಏರಿದರೆ ಒಳಗಿನ ವೈರು ಅದಲುಬದಲಾಗಿದೆ ಅಥವಾ ಬ್ರಿಜ್‌ಗೆ ಹೋಗುವ ವೈರು ಕಳಚಿದೆ. ಮನೆಯ ಕರೆಂಟು ಹೋಗಿ ಯುಪಿಎಸ್ ಮೇಲೆ ಓಡುತ್ತಿರುವಾಗ ಯಾವ ಗಿಟಾರನ್ನೂ ಪರೀಕ್ಷಿಸಬೇಡಿ. ಚೌಕ ಅಲೆಯ ಅಗ್ಗದ ಇನ್ವರ್ಟರಿನಲ್ಲಿ ಒಳ್ಳೆಯ ಪಿಕಪ್ಪೂ ಜೀರುಂಡೆಯಂತೆ ಕೂಗುತ್ತದೆ. ತಂತಿ ಮುಟ್ಟಿದಾಗ ಕೈ ಜುಮ್ಮೆಂದರೆ ಅದು ಗಿಟಾರಿನ ಮಾತಲ್ಲ. ನುಡಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಆಂಪನ್ನೂ ಆ ಮನೆಯ ಅರ್ತಿಂಗನ್ನೂ ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕು.

ಪಿಕಪ್ ಬದಲಾಯಿಸುವ ಮೊದಲು

ಗಿಟಾರ್ ಮನೆಗೆ ಬಂದ ಮರುದಿನವೇ ಪಿಕಪ್ ಹುಡುಕಲು ಕೂರಬೇಡಿ. ಮೊದಲು ಹೊಸ ತಂತಿ ಹಾಕಿ. ಮಂಕು ಎಂದು ದೂರುವ ನಾದದ ಅರ್ಧ ಪಾಲು ತುಕ್ಕು ಹಿಡಿದ ತಂತಿಯದೇ ಆಗಿರುತ್ತದೆ. ನಂತರ ಪಿಕಪ್ಪಿನ ಎತ್ತರ ಹೊಂದಿಸಿ. ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದು, ತಂತಿಯ ಕೆಳಮೈಗೂ ಅದರಡಿಯ ಪಿಕಪ್ಪಿನ ಪುಟ್ಟ ಲೋಹದ ಕಂಬಕ್ಕೂ ನಡುವಣ ದೂರ ಅಳೆಯಿರಿ: ಹಂಬಕರಾದರೆ ಬ್ರಿಜ್ ಬಳಿ 1.6, ನೆಕ್ ಬಳಿ 2.4 ಮಿ.ಮೀ.; ಸ್ಟ್ರಾಟ್ ಸಿಂಗಲ್ ಕಾಯಿಲ್‌ಗೆ ತೆಳು ತಂತಿಯ ಕಡೆ 2, ದಪ್ಪ ತಂತಿಯ ಕಡೆ 2.4 ಮಿ.ಮೀ. ಆರಂಭಕ್ಕೆ ಸರಿ. ಸಿಂಗಲ್ ಕಾಯಿಲ್ಲಿನ ಕಂಬಗಳೇ ಅಯಸ್ಕಾಂತಗಳಾಗಿದ್ದಾಗ ಅವನ್ನು ತೀರ ಮೇಲೇರಿಸಿದರೆ, ಅವು ತಂತಿಯನ್ನು ತಮ್ಮತ್ತ ಎಳೆದು, ದಪ್ಪ ತಂತಿಯಲ್ಲಿ 12ನೆಯ ಫ್ರೆಟ್ ದಾಟಿದ ಮೇಲೆ ಒಂದೇ ಸ್ವರ ಎರಡಾಗಿ ಕೇಳಿಸುತ್ತದೆ. ಇದನ್ನು ಗಿಟಾರಿನ ದೋಷವೆಂದು ತಿಳಿದು ಮಾರಿದವರಿದ್ದಾರೆ. ಎರಡು ಸ್ಕ್ರೂಗಳನ್ನು ಎರಡೆರಡು ಸುತ್ತು ತಿರುಗಿಸಿದ್ದರೆ ಸಾಕಿತ್ತು.

ಹಂಬಕರ್ ಇದ್ದೂ ನಾದ ಕೆಸರಿನಂತಿದ್ದರೆ ಪಾಟ್‌ನ ಓಮ್ ಅಂಕಿಯನ್ನು ನೋಡಿ. ಹಂಬಕರಿಗೆ 500, ಸಿಂಗಲ್ ಕಾಯಿಲ್‌ಗೆ 250 ಕಿಲೋಓಮ್ ರೂಢಿ. ಪಾಟ್‌ನ ಓಮ್ ಅಂಕಿ ಕಡಿಮೆಯಾದಷ್ಟೂ ನಾದದ ಮೇಲ್ತುದಿ ಸೋರಿಹೋಗುತ್ತದೆ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಪಾಟ್, ಕೆಪಾಸಿಟರ್, ಬೆಸುಗೆ ತಂತಿ ಎಲ್ಲ ಒಂದೇ ಸುತ್ತಿನಲ್ಲಿ ಕೊಳ್ಳಬಹುದು. ವಾಲ್ಯೂಮಿಗೆ ಲಾಗ್ ಜಾತಿಯ ಪಾಟ್ ಕೇಳುವುದು ರೂಢಿ, ಜೊತೆಗೆ ಗಿಟಾರಿನ ರಂಧ್ರದಲ್ಲಿ ಕೂರುತ್ತದೆಯೇ ಎಂದು ಹಳೆಯದನ್ನು ಹಿಡಿದು ಹೋಲಿಸಿ.

ಪಿಕಪ್ಪಿನ ಒಳಗೆ

ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ಪಿಕಪ್ ಆಯಿತು. ಉಕ್ಕಿನ ತಂತಿ ಅದರ ಮೇಲೆ ಅಲುಗಿದಾಗ ಕಾಂತಕ್ಷೇತ್ರ ಕದಲಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ತೊಂದರೆಯೆಂದರೆ ಆ ಸುರುಳಿ ಮನೆಯ 50 ಹರ್ಟ್ಸ್ ಕರೆಂಟಿನ ಕ್ಷೇತ್ರವನ್ನೂ ಅಷ್ಟೇ ಅಕ್ಕರೆಯಿಂದ ಹಿಡಿಯುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಇದಕ್ಕೆ ಪರಿಹಾರವಾಗಿ ಪೇಟೆಂಟಿಗೆ ಅರ್ಜಿ ಹಾಕಿದರು: ಎರಡು ಸುರುಳಿಗಳನ್ನು ಅಕ್ಕಪಕ್ಕ ಇಟ್ಟು, ಒಂದರ ಸುತ್ತನ್ನೂ ಅಯಸ್ಕಾಂತದ ದಿಕ್ಕನ್ನೂ ತಿರುಗಿಸಿದರೆ ತಂತಿಯ ನಾದ ಒಂದಕ್ಕೊಂದು ಕೂಡುತ್ತದೆ, ಕರೆಂಟಿನ ಗುಂಯ್‌ಗುಟ್ಟುವಿಕೆ ಒಂದನ್ನೊಂದು ಅಳಿಸುತ್ತದೆ. 1959ರಲ್ಲಿ ಪೇಟೆಂಟ್ ಸಿಕ್ಕಿತು; ಅದಕ್ಕೆ ಮುಂಚೆಯೂ ಆಮೇಲೆ ಕೆಲವು ವರ್ಷವೂ, ಪೇಟೆಂಟಿಗೆ ಅರ್ಜಿ ಹಾಕಲಾಗಿದೆ (ಪೇಟೆಂಟ್ ಅಪ್ಲೈಡ್ ಫಾರ್) ಎಂಬ ಚೀಟಿ ಅಂಟಿಸಿ ಮಾರಿದ ಆ ಹಂಬಕರುಗಳೇ ಇಂದು ಪಿಎಎಫ್ ಎಂಬ ಹೆಸರಿನಲ್ಲಿ ಪೂಜೆಗೊಳ್ಳುತ್ತಿರುವವು. ಸ್ಟ್ರಾಟ್ ಮಾದರಿಯಲ್ಲೂ ಇದೇ ಉಪಾಯದ ಒಂದು ರೂಪವಿದೆ. ಈಗಿನ ಹೆಚ್ಚಿನವುಗಳಲ್ಲಿ ನಡುವಣ ಪಿಕಪ್ಪನ್ನು ತಿರುಗಾ ಸುತ್ತಿರುವುದರಿಂದ ಐದು ಸ್ಥಾನದ ಸ್ವಿಚ್ಚಿನ ಎರಡನೆಯ, ನಾಲ್ಕನೆಯ ಸ್ಥಾನಗಳಲ್ಲಿ, ಅಂದರೆ ನಡುವಣದು ಪಕ್ಕದ್ದರೊಡನೆ ಕೂಡಿದಾಗ, ಸದ್ದು ಅಡಗುತ್ತದೆ.

ಮಾರಾಟದ ಮಾತಿನಲ್ಲಿ ಎಲ್ಲರೂ ಕಿಲೋಓಮ್ ಹಿಡಿದು ಪಿಕಪ್ ಅಳೆಯುತ್ತಾರೆ. ಆ ಅಂಕಿಯನ್ನು ತೀರ ನಂಬಬಾರದು. ಹೆಚ್ಚು ಸುತ್ತು ಸುತ್ತಿದರೆ ರೋಧ ಏರುತ್ತದೆ ನಿಜ, ಆದರೆ ಸುತ್ತು ಹೆಚ್ಚಿಸದೆ ತಂತಿಯನ್ನೇ ತೆಳುವಾಗಿಸಿದರೂ ಏರುತ್ತದೆ. ಅಷ್ಟೇ ಏಕೆ, ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.39 ಶೇಕಡ ಏರುವುದರಿಂದ, 25 ಡಿಗ್ರಿಯಲ್ಲಿ 8.0 ತೋರಿಸಿದ ಪಿಕಪ್ ಬೇಸಗೆಯ ಮಧ್ಯಾಹ್ನ 35 ಡಿಗ್ರಿಯಲ್ಲಿ 8.3 ತೋರಿಸುತ್ತದೆ, ಅದರ ನಾದವೇನೂ ಬದಲಾಗಿರುವುದಿಲ್ಲ. ಒಂದೇ ಜಾತಿಯ ಎರಡು ಪಿಕಪ್ಪುಗಳನ್ನು ಹೋಲಿಸಲು ಮಾತ್ರ ಈ ಅಂಕಿ ಉಪಯುಕ್ತ. ತಯಾರಕರು ಇಂಡಕ್ಟನ್ಸ್ ಕೊಟ್ಟಿದ್ದರೆ ಅದನ್ನು ನೋಡಿ. ಅದು ಹೆಚ್ಚಿದಷ್ಟೂ ನಾದ ದಪ್ಪವಾಗಿ, ನಡು ಉಬ್ಬಿ, ಮೇಲ್ತುದಿ ಕುಗ್ಗುತ್ತದೆ.

ಅಯಸ್ಕಾಂತಗಳಲ್ಲಿ ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆತ ಆಲ್ನಿಕೋ ಒಂದು ಬಗೆ, ಸೆರಾಮಿಕ್ ಇನ್ನೊಂದು. ಆಲ್ನಿಕೋ 2 ಮೃದು, ಆಲ್ನಿಕೋ 5 ಗಟ್ಟಿ, ಸೆರಾಮಿಕ್ ಬಿಗಿ ಎಂಬ ಮಾತು ಸ್ಥೂಲವಾಗಿ ಸರಿ. ಅಗ್ಗದ ಸಿಂಗಲ್ ಕಾಯಿಲ್‌ಗಳಲ್ಲಿ ಬೇರೊಂದು ವಿಷಯವಿದೆ: ಮೇಲೆ ಕಾಣುವ ಕಂಬಗಳು ಬರೀ ಉಕ್ಕು, ಅಯಸ್ಕಾಂತ ತಳದಲ್ಲಿ ಅಂಟಿಸಿದ ಸೆರಾಮಿಕ್ ಪಟ್ಟಿ. ಪ್ಲೇಟ್ ತೆಗೆದು ತಿರುಗಿಸಿ ನೋಡಿದರೆ ಕಪ್ಪನೆಯ ಇಟ್ಟಿಗೆಯಂತೆ ಕಾಣುತ್ತದೆ. ಇಂಥವನ್ನು ತೆಗೆದು, ಕಂಬಗಳೇ ಆಲ್ನಿಕೋ ಆಗಿರುವ ಪಿಕಪ್ ಹಾಕಿದಾಗ ಸಿಗುವ ಸ್ಪಷ್ಟತೆ ನನ್ನ ಮಟ್ಟಿಗೆ ಈ ಇಡೀ ವ್ಯವಹಾರದಲ್ಲಿ ಹಣಕ್ಕೆ ತಕ್ಕ ಪ್ರತಿಫಲ ಕೊಡುವ ಬದಲಾವಣೆ.

ದೂರಿನಿಂದ ಆಯ್ಕೆಗೆ

ಯಾವ ಕಂಪನಿಯ ಪಿಕಪ್ ಒಳ್ಳೆಯದು ಎಂದು ಕೇಳುವ ಬದಲು, ಈಗಿರುವ ನಾದದ ಬಗ್ಗೆ ನಿಮ್ಮ ದೂರು ಏನೆಂದು ಒಂದು ವಾಕ್ಯದಲ್ಲಿ ಬರೆಯಿರಿ. ಬರೆಯಲಾಗದಿದ್ದರೆ ಬದಲಾಯಿಸುವ ಸಮಯ ಬಂದಿಲ್ಲ.

ನೆಕ್ ಪಿಕಪ್ ಕೆಸರಾಗಿದೆ ಎಂಬುದು ದೂರಾದರೆ ಕಡಿಮೆ ಸುತ್ತಿನ, 7.5 ಕಿಲೋಓಮ್ ಆಸುಪಾಸಿನ ಪಿಎಎಫ್ ಶೈಲಿಯದನ್ನು ನೋಡಿ. ಸೀಮೋರ್ ಡಂಕನ್ ಕಂಪನಿಯ 59 ಇದಕ್ಕೆ ಹೆಸರಾದದ್ದು. ಬ್ರಿಜ್ ಪಿಕಪ್ ಸೊರಗಿದೆ, ಡಿಸ್ಟಾರ್ಷನ್‌ನಲ್ಲಿ ತುಂಬುವುದಿಲ್ಲ ಎಂಬುದಾದರೆ ಅದೇ ಕಂಪನಿಯ ಸುಮಾರು 16 ಕಿಲೋಓಮ್‌ನ ಜೆಬಿ, ಅಥವಾ ಡಿಮಾರ್ಜಿಯೋದ ಸೆರಾಮಿಕ್ ಸೂಪರ್ ಡಿಸ್ಟಾರ್ಷನ್ ಹಳೆಯ, ಪಳಗಿದ ಆಯ್ಕೆಗಳು. ಆದರೂ ಬರೀ ಬಲ ಸಾಲದು ಎಂಬುದಷ್ಟೇ ದೂರಾದರೆ ಒಂದು ಬೂಸ್ಟ್ ಪೆಡಲ್ ಅದನ್ನು ಕಡಿಮೆ ಖರ್ಚಿನಲ್ಲಿ ತೀರಿಸುತ್ತದೆ. ಬ್ರಿಜ್ ಪಿಕಪ್ ಕಿವಿಗೆ ಚುಚ್ಚುತ್ತದೆ ಎನ್ನುವವರು ಆಲ್ನಿಕೋ 2 ಇರುವುದನ್ನು ಕೇಳಿ ನೋಡಬೇಕು. ಜೋರಾಗಿ ನುಡಿಸಿದಾಗ ಪಿಕಪ್ ಸೀಟಿ ಹೊಡೆದಂತೆ ಕಿರುಚಿದರೆ, ಅದರ ಸುರುಳಿಗೆ ಮೇಣ ತುಂಬಿಲ್ಲವೆಂದು ತಿಳಿಯಬೇಕು. ಮೇಣ ಉಣಿಸಿದ ಪಿಕಪ್ ಆರಿಸಿ. ಸ್ಟ್ರಾಟ್‌ನ ಒಡಲು ಕೊರೆಯದೆ ಹಂಬಕರ್ ಬೇಕೆನ್ನುವವರಿಗೆ ಸಿಂಗಲ್ ಕಾಯಿಲ್ ಅಳತೆಯಲ್ಲೇ ಲಿಟ್ಲ್ 59, ಹಾಟ್ ರೈಲ್ಸ್ ಮುಂತಾದವು ಸಿಗುತ್ತವೆ. ಇಎಂಜಿ 81ರಂಥ ಆ್ಯಕ್ಟಿವ್ ಪಿಕಪ್ಪುಗಳಿಗೆ 9 ವೋಲ್ಟ್ ಬ್ಯಾಟರಿ, 25 ಕಿಲೋಓಮ್ ಪಾಟ್, ಸ್ಟೀರಿಯೋ ಜ್ಯಾಕ್ ಬೇಕು. ಭಾರಿ ಮೆಟಲ್ ನುಡಿಸುವ ನಿಶ್ಚಯವಿಲ್ಲದೆ ಅತ್ತ ಹೋಗದಿರುವುದು ಲೇಸು.

ಅಮೆರಿಕದಿಂದ ತರಿಸುವ ಪಿಕಪ್ಪಿಗೆ ಸಾಗಣೆ, ಸುಂಕ ಎಲ್ಲ ಸೇರಿದಾಗ ಮೂಗಿಗಿಂತ ಮೂಗುತಿ ಭಾರವಾಗುವುದುಂಟು. ನನ್ನ ಸಲಹೆ: ಎಲ್ಲ ಪಿಕಪ್ಪುಗಳನ್ನೂ ಒಟ್ಟಿಗೆ ಬದಲಾಯಿಸದೆ, ದೂರು ಯಾವುದರ ಮೇಲಿದೆಯೋ ಅದೊಂದನ್ನು ಮಾತ್ರ ಬದಲಾಯಿಸಿ ಎರಡು ತಿಂಗಳು ನುಡಿಸಿ. ಪಿಕಪ್ಪಿನಲ್ಲಿ ಸವೆಯುವ ಭಾಗವಿಲ್ಲದ್ದರಿಂದ ಅದನ್ನೂ ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು. ಮೀಟರಿನಲ್ಲಿ ಅಳೆದು, ವೈರಿನ ಉದ್ದ ಸಾಕಷ್ಟಿದೆಯೇ ಎಂದು ನೋಡಿದರೆ ಆಯಿತು.

ಆರ್ಡರ್ ಮಾಡುವ ಮುನ್ನ ಅಳತೆ. ಹಂಬಕರಿನಲ್ಲಿ ಮೊದಲ ಕಂಬದ ನಡುವಿನಿಂದ ಆರನೆಯದರ ನಡುವಿನವರೆಗೆ ಗಿಬ್ಸನ್ ಅಳತೆ ಸುಮಾರು 50 ಮಿ.ಮೀ., ಫೆಂಡರ್ ಮಾದರಿಯ ಅಗಲ ಬ್ರಿಜ್‌ಗಳಿಗೆ ಹೊಂದುವಂಥದ್ದು ಸುಮಾರು 53 ಮಿ.ಮೀ. ಪಿಕಪ್ ಕೂರುವ ಗುಳಿಯ ಆಳವನ್ನೂ ಅಳೆಯಿರಿ; ಕೆಲವು ಆರಂಭಿಕ ದರ್ಜೆಯ ಗಿಟಾರುಗಳ ಒಡಲು ತೆಳುವಾಗಿರುವುದರಿಂದ ಉದ್ದ ಕಾಲಿನ ಹಂಬಕರ್ ತಳ ಮುಟ್ಟಿ ಮೇಲೆದ್ದು ನಿಲ್ಲುತ್ತದೆ.

ಬೆಸುಗೆ

ತಂತಿಗಳನ್ನು ಬಿಚ್ಚಿದ ಮೇಲೆ, ಯಾವುದನ್ನೂ ಮುಟ್ಟುವ ಮೊದಲು ಒಳಗಿನ ವೈರಿಂಗಿನ ಫೋಟೋವನ್ನು ಮೂರು ಕೋನಗಳಿಂದ ತೆಗೆಯಿರಿ. ಗಿಟಾರಿನ ಒಡಲಿನ ಮೇಲೆ ಹಳೆಯ ಪಂಚೆಯನ್ನೋ ಟವೆಲನ್ನೋ ಹರಡಿ. ಒಂದು ಹನಿ ಸೀಸ ಬಿದ್ದರೂ ಬಣ್ಣದ ಮೇಲೆ ಕಲೆ ಶಾಶ್ವತ. ಮನೆಗಳಲ್ಲಿ ಸಾಮಾನ್ಯವಾಗಿ ಇರುವ 25 ವ್ಯಾಟ್ ಬೆಸುಗೆ ಕಡ್ಡಿ ಸ್ವಿಚ್ಚಿನ ಕಿವಿಗಳಿಗೆ ಸಾಕು, ಪಾಟ್‌ನ ಬೆನ್ನಿಗೆ ಸಾಲದು. ಅಲ್ಲಿಗೆ 40ರಿಂದ 60 ವ್ಯಾಟ್ ಬೇಕು. ಕಡಿಮೆ ಬಿಸಿಯ ಕಡ್ಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಪಾಟ್ ಬೇಯಿಸುವುದಕ್ಕಿಂತ, ಬೆನ್ನನ್ನು ಉಪ್ಪುಕಾಗದದಿಂದ ಉಜ್ಜಿ, ಬಿಸಿಯಾದ ಕಡ್ಡಿಯನ್ನು ಮೂರು ನಾಲ್ಕು ಸೆಕೆಂಡು ಹಿಡಿದು ಬೆಸುಗೆ ಹರಿಯಲು ಬಿಡುವುದು ಸರಿಯಾದ ಕ್ರಮ. ಆರಿದ ಬೆಸುಗೆ ಹೊಳೆಯಬೇಕು. ಬೂದಿಯಂತೆ ಮಂಕಾಗಿ ಉಂಡೆಗಟ್ಟಿದ್ದರೆ ಮತ್ತೆ ಬಿಸಿ ಮಾಡಿ.

ನಾಲ್ಕು ವೈರಿನ ಹಂಬಕರುಗಳಲ್ಲಿ ಬಣ್ಣದ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ. ಸೀಮೋರ್ ಡಂಕನ್‌ನಲ್ಲಿ ಕಪ್ಪು ವೈರು ಸ್ವಿಚ್ಚಿಗೆ, ಹಸಿರು ಮತ್ತು ಬರಿ ತಂತಿ ಅರ್ತಿಂಗಿಗೆ, ಕೆಂಪು ಬಿಳಿ ಎರಡನ್ನೂ ಜೋಡಿಸಿ ಟೇಪು ಸುತ್ತಿ ಬಿಡುವುದು. ಡಿಮಾರ್ಜಿಯೋದಲ್ಲಿ ಕೆಂಪು ಸ್ವಿಚ್ಚಿಗೆ, ಹಸಿರು ಮತ್ತು ಬರಿ ತಂತಿ ಅರ್ತಿಂಗಿಗೆ, ಕಪ್ಪು ಬಿಳಿ ಜೋಡಿ. ಒಂದರ ಚಿತ್ರ ನೋಡಿ ಇನ್ನೊಂದನ್ನು ಬೆಸೆದರೆ ಪಿಕಪ್ ಸರಿಯಾಗಿ ಮಾತಾಡದು. ಆ ಜೋಡಿ ವೈರನ್ನು ಪುಷ್-ಪುಲ್ ಪಾಟ್ (ಗುಂಡಿ ಎಳೆದರೆ ಸ್ವಿಚ್ಚಿನಂತೆ ಕೆಲಸ ಮಾಡುವ ಪಾಟ್) ಮೂಲಕ ಅರ್ತಿಂಗಿಗೆ ಮುಟ್ಟಿಸಿದರೆ ಒಂದು ಸುರುಳಿ ಮಲಗಿ ಸಿಂಗಲ್ ಕಾಯಿಲ್ ನಾದ ಸಿಗುತ್ತದೆ, ಜೊತೆಗೆ ಅದರ ಗುಂಯ್‌ಗುಟ್ಟುವಿಕೆಯೂ.

ಎರಡು ಕಂಪನಿಗಳ ಪಿಕಪ್ ಒಂದೇ ಗಿಟಾರಿನಲ್ಲಿ ಕೂಡಿದಾಗ ಅವು ಒಂದೇ ದಿಕ್ಕಿನಲ್ಲಿವೆಯೇ ಎಂಬುದನ್ನು ಬೆಸೆಯುವ ಮೊದಲೇ ಪರೀಕ್ಷಿಸಬಹುದು. ಮೀಟರನ್ನು 20 ಕಿಲೋಓಮ್‌ಗೆ ಇಟ್ಟು, ಪಿಕಪ್ಪಿನ ಸ್ವಿಚ್ಚಿಗೆ ಹೋಗುವ ವೈರಿಗೆ ಕೆಂಪು ಕಡ್ಡಿ, ಅರ್ತಿಂಗಿಗೆ ಕಪ್ಪು ಕಡ್ಡಿ ಹಿಡಿದು, ಸ್ಕ್ರೂಡ್ರೈವರನ್ನು ಕಂಬಗಳ ಮೇಲಿಟ್ಟು ಸರಕ್ಕನೆ ಎತ್ತಿ. ಎತ್ತಿದ ಕ್ಷಣ ಅಂಕಿ ಒಮ್ಮೆ ಮೇಲಕ್ಕೋ ಕೆಳಕ್ಕೋ ಜಿಗಿಯುತ್ತದೆ. ಎರಡೂ ಪಿಕಪ್ಪುಗಳಲ್ಲಿ ಅದು ಒಂದೇ ಕಡೆ ಜಿಗಿದರೆ ಸರಿ. ಬೇರೆ ಬೇರೆ ಕಡೆಯಾದರೆ ಎರಡನ್ನೂ ಕೂಡಿಸಿ ನುಡಿಸಿದಾಗ ನಾದ ಹಳೆಯ ಟೆಲಿಫೋನಿನೊಳಗಿಂದ ಬಂದಂತೆ ಟೊಳ್ಳಾಗಿರುತ್ತದೆ, ಒಂದರ ಎರಡು ವೈರುಗಳನ್ನು ಅದಲುಬದಲು ಮಾಡಬೇಕು. ಲೋಹದ ಮುಚ್ಚಳವಿರುವ, ಹೊರಗೆ ಲೋಹದ ಹೆಣಿಗೆಯ ಒಂದೇ ವೈರು ಬರುವ ಹಂಬಕರಿನಲ್ಲಿ ಮಾತ್ರ ಹಾಗೆ ಮಾಡಬಾರದು. ಮುಚ್ಚಳವೇ ಸಿಗ್ನಲ್ಲಿಗೆ ಸೇರಿ ಮುಟ್ಟಿದಾಗೆಲ್ಲ ಕೂಗುತ್ತದೆ. ಅಲ್ಲಿ ಇನ್ನೊಂದು ಪಿಕಪ್ಪಿನ ವೈರುಗಳನ್ನು ಅದಲುಬದಲು ಮಾಡುವುದು ಸುಲಭ.

ಪ್ಲೇಟ್ ಮುಚ್ಚುವ ಮೊದಲೇ ಕೇಬಲ್ ಸಿಕ್ಕಿಸಿ, ಪ್ರತಿ ಸ್ಥಾನದಲ್ಲೂ ಕಂಬಗಳನ್ನು ಸ್ಕ್ರೂಡ್ರೈವರಿನಿಂದ ತಟ್ಟಿ ಯಾವುದು ಮಾತಾಡುತ್ತಿದೆ ಎಂದು ಖಚಿತಪಡಿಸಿಕೊಳ್ಳಿ. ಹೊಸ ತಂತಿ ಹಾಕಿ, ಎತ್ತರವನ್ನು ಮೇಲೆ ಹೇಳಿದ ಅಳತೆಗೆ ತಂದು, ಎರಡು ಪಿಕಪ್ಪುಗಳ ಬಲ ಸಮನಾಗುವ ತನಕ ಕಾಲು ಸುತ್ತಿನಂತೆ ಏರಿಸಿ ಇಳಿಸಿ. ಬಿಚ್ಚಿದ ಹಳೆಯ ಪಿಕಪ್ಪನ್ನು ವೈರು ಕತ್ತರಿಸದೆ ಸುರುಳಿ ಸುತ್ತಿ, ಅದರ ಸ್ಕ್ರೂ, ಸ್ಪ್ರಿಂಗುಗಳ ಸಮೇತ ಒಂದು ಡಬ್ಬಿಯಲ್ಲಿಟ್ಟು, ಮೇಲೆ ಗಿಟಾರಿನ ಹೆಸರೂ ತೆಗೆದ ತಾರೀಕೂ ಬರೆದಿಡಿ. ಈ ಗಿಟಾರನ್ನು ಮುಂದೊಂದು ದಿನ ಕೊಳ್ಳಲು ಬರುವವರು ಮಲ್ಟಿಮೀಟರ್ ಹಿಡಿದೇ ಬಂದಾರು, ಮೂಲ ಪಿಕಪ್ ಎಲ್ಲಿ ಎಂದು ಕೇಳಿಯಾರು.